ಬೇರೆಯವರ ನಂಬರಿಗೆ ಹಾಕಿದ ರಕ್ತ

ಹೊಸಗುಟ್ಟಹಳ್ಳಿಯ ಡೈರಿಗೆ ಆಂಜಿನಮ್ಮ ಹತ್ತು ಹನ್ನೆರಡು ವರ್ಷ ಹಾಲು ಹಾಕಿದಳು. ಅಷ್ಟು ವರ್ಷದಲ್ಲಿ ಅವಳ ಹೆಸರು ಡೈರಿಯವರ ಬಾಯಲ್ಲಿತ್ತೇ ಹೊರತು ಪುಸ್ತಕದಲ್ಲಿ ಒಂದು ದಿನವೂ ಇರಲಿಲ್ಲ. ಹಾಲು ಅವಳದು, ನಂಬರು ಭಾರತಮ್ಮನದು.

ಸುಗಟೂರಿನಲ್ಲಿ ಬಸ್ಸಿಳಿದು ಹಿಪ್ಪುನೇರಳೆ ತೋಟಗಳ ನಡುವೆ ನಡೆದರೆ ಸಿಗುವ ಊರು ಅದು. ಆಂಜಿನಮ್ಮ ಹುಟ್ಟಿದ್ದು ಅಲ್ಲೇ. ಮದುವೆ ಮಾಡಿ ಕೊಟ್ಟದ್ದು ಮುಳಬಾಗಿಲು ತಾಲ್ಲೂಕಿನ ಬೈರಕೂರಿಗೆ, ಮಾವಿನ ತೋಟ ಗುತ್ತಿಗೆ ಹಿಡಿಯುವ ಗಂಗುಲಪ್ಪನಿಗೆ. ಮಕ್ಕಳಾಗಲಿಲ್ಲ. ತೊಂಬತ್ತರ ದಶಕದ ಶುರುವಿನಲ್ಲಿ ಗಂಗುಲಪ್ಪ ಒಂದು ದಿನ ಇನ್ನೊಬ್ಬಳನ್ನು ಮನೆಗೆ ಕರೆತಂದು, "ಇವಳೂ ಇರ್ತಾಳೆ, ನೀನೂ ಇರು" ಅಂದ. "ಅವಳೇ ಇರ್ಲಿ" ಅಂದ ಆಂಜಿನಮ್ಮ ತವರಿನಿಂದ ಬಳುವಳಿ ಬಂದಿದ್ದ ನಾಟಿ ಹಸುವಿನ ಹಗ್ಗ ಬಿಚ್ಚಿದಳು. ಅತ್ತೆ ಬಾಗಿಲಲ್ಲಿ ನಿಂತು, "ಹಸು ಯಾಕೆ? ಅದು ಈ ಮನೆ ಹುಲ್ಲು ತಿಂದದ್ದು" ಅಂತ ಅಡ್ಡ ಹಾಕಿದಳು. "ನಾನೂ ಈ ಮನೆ ಮುದ್ದೆ ತಿಂದೋಳೇ. ಇಬ್ರೂ ದುಡಿದೇ ತಿಂದಿದೀವಿ" ಅಂದಳು ಆಂಜಿನಮ್ಮ. ಬಸ್ಸಿನವನು ಹಸುವನ್ನು ಹತ್ತಿಸಿಕೊಳ್ಳುತ್ತಾನೆಯೇ? ನಡೆದೇ ಬಂದಳು. ದಾರಿಯಲ್ಲಿ ಹಸುವಿಗೆ ಹುಲ್ಲು ಸಿಕ್ಕಿತು, ಅವಳಿಗೆ ನೀರು ಸಿಕ್ಕಿತು.

ತವರಿನಲ್ಲಿ ಅಪ್ಪ ಅಮ್ಮ ಆಗಲೇ ಮಣ್ಣಾಗಿದ್ದರು. ಹೆಂಚು ಹಾರಿದ ಒಂದಂಕಣದ ಮನೆ ಉಳಿದಿತ್ತು. ಹಸು ಕರು ಹಾಕಿದ ಮೇಲೆ ಡೈರಿಯ ಮೆಂಬರ್ ಆಗಬೇಕೆಂದು ಹೋದಳು. ಡೈರಿಯ ಅಧ್ಯಕ್ಷ ಕೋದಂಡರಾಮಪ್ಪ, ಬಿಳಿ ಪಂಚೆಗೆ ಯಾವತ್ತೂ ಸಗಣಿ ತಾಕಿಸಿಕೊಳ್ಳದ ರೈತ, ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಹೇಳಿದ:

"ಗಂಡನ ಊರಿಗೆ ಕೊಟ್ಟ ಹೆಂಗಸಿಗೆ ಇಲ್ಲಿ ಷೇರು ಕೊಡೋಕಾಗಲ್ಲಮ್ಮ. ನಾಳೆ ಅವನು ಬಂದು ಬಾ ಅಂದ್ರೆ ಹೋಗ್ತೀಯ."

"ಅವನು ಕರೆಯೋದೂ ಇಲ್ಲ, ನಾನು ಹೋಗೋದೂ ಇಲ್ಲ ಕಣಣ್ಣ. ನಂಬಿಕೆ ಇಲ್ದಿದ್ರೆ ಹಸು ಹೆಸರಿಗಾದ್ರೂ ಬರ್ಕೊಳ್ಳಿ, ಅದಕ್ಕೆ ಗಂಡ ಇಲ್ಲ."

ಕಮಿಟಿಯವರು ಗೊಳ್ಳೆಂದರು. ಷೇರು ಮಾತ್ರ ಕೊಡಲಿಲ್ಲ.

ಸಂಜೆ ಕೋದಂಡರಾಮಪ್ಪನ ಹೆಂಡತಿ ಭಾರತಮ್ಮನೇ ಕೂಗಿದಳು. "ಏನೇ ಆಂಜಿನಿ, ನನ್ನ ನಂಬರಿಗೆ ಹಾಕು ಬಾರೇ. ಗಂಡಸರ ಕಮಿಟಿ ಕಟ್ಕೊಂಡು ಏನು ಮಾಡ್ತೀಯ?"

ಭಾರತಮ್ಮನದು ಬರೀ ಧರ್ಮವಲ್ಲ. ಅವಳದು ಸೀಮೆಹಸು. ಬಕೆಟ್ ತುಂಬ ಕರೆಯುತ್ತಿತ್ತು, ಆದರೆ ಹಾಲು ತೆಳು. ಡೈರಿಯಲ್ಲಿ ಹಾಲಿಗೆ ಗಾಜಿನ ಕೊಳವೆ ಇಳಿಬಿಟ್ಟು ಡಿಗ್ರಿ ನೋಡುತ್ತಾರೆ. ಡಿಗ್ರಿ ಬರದಿದ್ದರೆ ವಾಪಸ್. ಆಂಜಿನಮ್ಮನ ನಾಟಿ ಹಸುವಿನ ಹಾಲು ಸ್ವಲ್ಪವೇ ಆದರೂ ಗಟ್ಟಿ. ಎರಡನ್ನೂ ಬೆರೆಸಿದರೆ ಭಾರತಮ್ಮನ ಡಿಗ್ರಿ ನಿಲ್ಲುತ್ತಿತ್ತು, ಆಂಜಿನಮ್ಮನ ಹಾಲು ಒಳಗೆ ಹೋಗುತ್ತಿತ್ತು. ಬಟವಾಡೆ ದಿನ ಇಬ್ಬರೂ ಜಗಲಿಯಲ್ಲಿ ಕೂತು ಹಂಚಿಕೊಳ್ಳುತ್ತಿದ್ದರು. ಇವರಿಬ್ಬರೇ ಅಲ್ಲ. ಷೇರಿಲ್ಲದ ವಿಧವೆ, ಅಣ್ಣನಿಂದ ಬೇರೆಯಾದ ತಮ್ಮ, ಕಮಿಟಿಗೆ ಬೇಡವಾದ ಕೇರಿಯವನು, ಹೀಗೆ ಅರ್ಧ ಊರು ಯಾರದೋ ನಂಬರಿಗೆ ಹಾಲು ಹಾಕಿ ಬದುಕುತ್ತಿತ್ತು. ಕಾನೂನಿನಲ್ಲಿ ಅದು ತಪ್ಪು. ಕೋದಂಡರಾಮಪ್ಪನಿಗೆ ಗೊತ್ತಿತ್ತು. ಪಂಚಾಯ್ತಿ ಎಲೆಕ್ಷನ್ನಿನಲ್ಲಿ ತನ್ನ ವಿರುದ್ಧ ಓಡಾಡಿದ ಮುನಿಯಲ್ಲಪ್ಪನ ನಂಬರನ್ನು "ಭಾವಮೈದನ ಹಾಲು ಹಾಕಿದಾನೆ" ಅಂತ ಕತ್ತರಿಸಿ ಹಾಕಿದ. ಮುನಿಯಲ್ಲಪ್ಪ ಎರಡು ವರ್ಷ ಹಾಲನ್ನು ಕೋಲಾರದ ಹೋಟೆಲುಗಳಿಗೆ ಸೈಕಲ್ಲಿನಲ್ಲಿ ಹೊತ್ತ. ಹೆಂಡತಿಯ ನಂಬರಿನಲ್ಲಿ ಯಾರ ಹಾಲಿದೆ ಎಂಬುದು ಮಾತ್ರ ಅಧ್ಯಕ್ಷರ ಕಣ್ಣಿಗೆ ಬೀಳಲಿಲ್ಲ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಆಂಜಿನಮ್ಮನಿಗೆ ದಾಹ ಶುರುವಾಯಿತು. ಕೊಡ ಮುಗಿಸಿದರೂ ಆರದ ದಾಹ. ಕೂಲಿಗೆ ಹಿಪ್ಪುನೇರಳೆ ಸೊಪ್ಪು ಬಿಡಿಸುವಾಗ ಪದೇ ಪದೇ ತೋಟದ ಮರೆಗೆ ಹೋಗಿ ಬರುತ್ತಿದ್ದಳು. ಹೋಗಿ ಬಂದ ಕಡೆ ಇರುವೆ ಮುತ್ತುತ್ತಿದ್ದವು. ಮೈ ಇಳಿಯಿತು, ರವಿಕೆ ಜೋಲಿತು. ಭಾರತಮ್ಮನಿಗೂ ಅದೇ ಸಕ್ಕರೆ ಕಾಯಿಲೆ ಅಂತ ಕೋಲಾರದ ಡಾಕ್ಟರು ಹೇಳಿದ್ದರು, ಆದರೆ ಅವಳದು ಹಗುರ. "ನಿಂಗೆ ಹೆಂಗೆ ಬಂತೇ ಇದು? ಇದು ಕೂತು ತಿನ್ನೋರ ಕಾಯಿಲೆ" ಅಂತ ಭಾರತಮ್ಮ ನಗುತ್ತಿದ್ದಳು. "ನಿನ್ನ ಹಾಲಿನ ಜೊತೆ ನನ್ನ ಹಾಲು ಸೇರ್ತಲ್ಲ, ಹಂಗೇ ಬಂದಿರ್ಬೇಕಕ್ಕ" ಅನ್ನುತ್ತಿದ್ದಳು ಆಂಜಿನಮ್ಮ.

ಆಗ ಬಂತು ವ್ಯಾನು. ಬೆಂಗಳೂರಿನ ಒಂದು ಟ್ರಸ್ಟಿನದು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ನಾಲ್ಕು ತಾಲ್ಲೂಕಿಗೆ ಒಂದೇ ವ್ಯಾನು, ಒಂದೇ ಕಂಪ್ಯೂಟರ್ ಲೆಕ್ಕ. ಯಾವ ಊರಿನವನಾದರೂ ಅವವೇ ಪ್ರಶ್ನೆ, ಅವವೇ ಖಾನೆ. ಮೊದಲು ಹುಡುಗರು ಮನೆ ಮನೆಗೆ ಬಂದು ರೇಷನ್ ಕಾರ್ಡ್ ನೋಡಿ ಬರೆದುಕೊಂಡು ಹೋದರು. ಆಮೇಲೆ ತಿಂಗಳಿಗೊಂದು ಸಲ ವ್ಯಾನು ಡೈರಿ ಮುಂದಿನ ಹೊಂಗೆ ಮರದಡಿ ನಿಲ್ಲುತ್ತಿತ್ತು. ಬೆರಳು ಚುಚ್ಚಿ ರಕ್ತ ನೋಡಿ, ಸಕ್ಕರೆ ಇದ್ದವರಿಗೆ ಒಂದು ಕಾರ್ಡು, ಕಾರ್ಡಿಗೊಂದು ನಂಬರು. ಕಾರ್ಡಿದ್ದವರಿಗೆ ಮಾತ್ರೆ, ಗಾಯವಿದ್ದರೆ ಡ್ರೆಸ್ಸಿಂಗ್, ಎಲ್ಲಾ ಬಿಟ್ಟಿ. ಜಿಲ್ಲೆಯಲ್ಲಿ ಕಾಯಿಲೆ ಎಲ್ಲಿ ಎಷ್ಟಿದೆ ಎಂದು ಕಂಪ್ಯೂಟರು ತೋರಿಸುತ್ತದೆ, ಎಲ್ಲಿ ಜಾಸ್ತಿಯೋ ಅಲ್ಲಿಗೆ ಔಷಧಿ ಹೋಗುತ್ತದೆ. ಕೇಳಲಿಕ್ಕೆ ನ್ಯಾಯವಾಗಿಯೇ ಇತ್ತು.

ಕಂಪ್ಯೂಟರ್ ಮುಂದೆ ಕೂರುತ್ತಿದ್ದದ್ದು ಅನಿತ, ಮಾಲೂರಿನ ಹುಡುಗಿ. ಆಂಜಿನಮ್ಮ ಮೊದಲ ಸಲ ಹೋದಾಗ ಹೆಸರು ಹೊಡೆದು ನೋಡಿದಳು.

"ನೀವು ಬೈರಕೂರಲ್ಲಿ ಇದೀರಲ್ಲಮ್ಮ?"

"ಇಲ್ಲಿ ನಿಂತಿದೀನಲ್ಲಮ್ಮ ನಿನ್ನೆದುರಿಗೆ."

"ಅಲ್ಲ, ಇದ್ರಲ್ಲಿ. ಗಂಗುಲಪ್ಪನವರ ಹೆಂಡತಿ ಆಂಜಿನಮ್ಮ, ಬೈರಕೂರು. ಕಾಯಿಲೆ ಏನೂ ಇಲ್ಲ, ಆರೋಗ್ಯವಾಗಿದಾರೆ ಅಂತ ಇದೆ."

ರೇಷನ್ ಕಾರ್ಡಿನಲ್ಲಿ ಹೆಸರು ತೆಗೆಸಿದರೆ ಸಕ್ಕರೆ, ಸೀಮೆಎಣ್ಣೆ ಕಡಿಮೆಯಾಗುತ್ತದಲ್ಲ, ಗಂಗುಲಪ್ಪ ತೆಗೆಸಿರಲಿಲ್ಲ. ಬರೆಯಲು ಬಂದ ಹುಡುಗರಿಗೆ "ಎಲ್ಲಾ ಗುಂಡುಕಲ್ಲಿದ್ದಂಗವ್ರೆ" ಅಂದಿದ್ದ. ಆಂಜಿನಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅವನ ಮನೇಲಿ ಇದ್ದಾಗ ಒಂದಿನಾನೂ ಹೆಂಗಿದೀಯ ಅನ್ಲಿಲ್ಲ. ಈಗ ಆರೋಗ್ಯ ಬರೆಸಿದಾನೆ!"

"ಒಬ್ಬರನ್ನ ಎರಡು ಊರಲ್ಲಿ ಎಣಿಸಬಾರದು ಅಂತ ರೂಲು. ಅಲ್ಲಿ ತೆಗೆಯದೆ ಇಲ್ಲಿ ಹಾಕಿದ್ರೆ ಮುಂದಿನ ಪರದೆ ಬರಲ್ಲ. ಬೈರಕೂರಿಗೆ ವ್ಯಾನು ಹೋಗತ್ತೆ, ಅಲ್ಲೇ ತೋರಿಸ್ಕೊಳಿ" ಅಂದಳು ಅನಿತ. ಹಿಂದೆ ಕ್ಯೂ ಗೊಣಗುತ್ತಿತ್ತು.

ರೇಷನ್ ಕಾರ್ಡ್ ಇರುವುದು ಗಂಗುಲಪ್ಪನ ಕೈಯಲ್ಲಿ. ಬೈರಕೂರಿಗೆ ಹೋಗಿ, ಆ ಮನೆಯ ಜಗಲಿಯಲ್ಲಿ ನಿಂತು, ನನ್ನನ್ನು ರೋಗಿಷ್ಟೆ ಅಂತ ಬರೆಸು ಅನ್ನಬೇಕು. ಆಂಜಿನಮ್ಮ ಸಾಯಲಿಕ್ಕೆ ತಯಾರಿದ್ದಳು, ಅದಕ್ಕೆ ತಯಾರಿರಲಿಲ್ಲ.

ಉಪಾಯ ಹೇಳಿದ್ದು ಭಾರತಮ್ಮನೇ. ಉಪಾಯ ಅಂತ ಅವಳಿಗೆ ಅನಿಸಲೂ ಇಲ್ಲ, ಅಷ್ಟು ರೂಢಿ. "ನನ್ನ ನಂಬರಿಗೆ ಹಾಕೇ. ಹಾಲು ಹಾಕಲ್ವಾ?"

ಹೀಗೆ ರಕ್ತವೂ ಭಾರತಮ್ಮನ ನಂಬರಿಗೆ ಬಿತ್ತು. ಒಂದು ತಿಂಗಳು ಅವಳು ಹೋದರೆ ಇನ್ನೊಂದು ತಿಂಗಳು ಇವಳು. ಬಂದ ಮಾತ್ರೆ ಜಗಲಿಯಲ್ಲಿ ಪಾಲು. ಅನಿತ ಕಾರ್ಡ್ ನೋಡುತ್ತಿದ್ದಳೇ ಹೊರತು ಮುಖ ನೋಡುತ್ತಿರಲಿಲ್ಲ. ನೋಡಿದ ದಿನವೂ ನೋಡದವಳ ಹಾಗೆ ಇದ್ದಳು. ಊರಿನ ಉಳಿದವರೂ ಇದನ್ನೇ ಮಾಡಿದರು. ಬರೆಯುವ ಹುಡುಗರು ಬಂದ ದಿನ ಕೂಲಿಗೆ ಹೋಗಿದ್ದವರು, ರೇಷನ್ ಕಾರ್ಡ್ ಇಲ್ಲದವರು, ಅಣ್ಣನ ಕಾರ್ಡಿನಲ್ಲೇ ಇದ್ದ ತಮ್ಮಂದಿರು, ಯಾರಿಗೂ ಇದು ಮೋಸ ಅನಿಸಲಿಲ್ಲ. ಕಾರ್ಡ್ ಅಂದರೆ ಒಂದು ಬಾಗಿಲು. ಒಬ್ಬರಿಗೆ ತೆರೆದರೆ ಹಿಂದಿದ್ದವರೂ ನುಗ್ಗುವುದು ಅಲ್ಲಿನ ಬದುಕು. ಸರ್ಕಾರದ ಯಾವ ಬಾಗಿಲೂ ಅವರಿಗೆ ಬೇರೆ ರೀತಿ ತೆರೆದಿರಲಿಲ್ಲ.

ಆದರೆ ಎರಡು ಹಾಲು ಬೆರೆತರೆ ಆಗುವ ಲಾಭ ರಕ್ತದಲ್ಲಿ ಆಗಲಿಲ್ಲ. ವ್ಯಾನಿನ ಡಾಕ್ಟರಿಗೆ ಕಂಪ್ಯೂಟರಿನಲ್ಲಿ ಕಂಡದ್ದು ಒಬ್ಬಳೇ ಹೆಂಗಸು, ಒಂದು ತಿಂಗಳು ಸಕ್ಕರೆ ನೆಲದಲ್ಲಿ, ಮರು ತಿಂಗಳು ಆಕಾಶದಲ್ಲಿ. "ಏನಮ್ಮ, ಹಬ್ಬ ಬಂದ್ರೆ ಹೋಳಿಗೆ ಬಾರಿಸ್ತೀರಾ?" ಅಂತ ಗದರಿ ಮಾತ್ರೆ ಜೋರು ಮಾಡಿದರು. ಆ ಜೋರು ಮಾತ್ರೆ ನುಂಗಿದ ಭಾರತಮ್ಮ ಸೊಪ್ಪು ತರಲು ಹೋಗಿ ಹಿಪ್ಪುನೇರಳೆ ಸಾಲಿನಲ್ಲಿ ಸಕ್ಕರೆ ಇಳಿದು ಬೆವರಿ ಬಿದ್ದಳು. ಆಂಜಿನಮ್ಮ ಬೆಲ್ಲ ತಂದು ಹಲ್ಲು ಬಿಡಿಸಿ ಬಾಯಿಗೆ ತುರುಕಿದ ಮೇಲೆ ಕಣ್ಣು ಬಿಟ್ಟಳು. ಕಣ್ಣು ಬಿಟ್ಟವಳು ಮೊದಲು ಹೇಳಿದ ಮಾತು: "ಯಜಮಾನರಿಗೆ ಹೇಳ್ಬೇಡ ಕಣೇ."

ಅವತ್ತಿನಿಂದ ಜೋರು ಮಾತ್ರೆಯೆಲ್ಲ ಆಂಜಿನಮ್ಮನಿಗೆ, ಸಣ್ಣದು ಭಾರತಮ್ಮನಿಗೆ ಅಂತ ತೀರ್ಮಾನವಾಯಿತು. ಆದರೆ ಕೊಡುತ್ತಿದ್ದದ್ದು ಒಬ್ಬಳ ಲೆಕ್ಕ. ತಿಂಗಳ ಮಧ್ಯಕ್ಕೆ ಪೊಟ್ಟಣ ಬರಿದು. ಉಳಿದ ದಿನ ಹಾಗಲಕಾಯಿ ರಸ, ಮೆಂತ್ಯ, ದೇವರು.

ಹೀಗಿರುವಾಗ ಹಸು ಆಂಜಿನಮ್ಮನ ಕಾಲು ತುಳಿಯಿತು. ಎಡಗಾಲಿನ ಕಿರುಬೆರಳು. ಹಸು ತುಳಿಯುವುದೇನು ಹೊಸದಲ್ಲ, ಆದರೆ ನೋವಾಗಲಿಲ್ಲ. ಸಂಜೆ ಕಾಲು ತೊಳೆಯುವಾಗ ರಕ್ತ ನೋಡಿ ಗೊತ್ತಾಯಿತು. ಅರಿಸಿನ ಮೆತ್ತಿದಳು. "ನೋಡೋಣ" ಅಂದಳು. ವಾರ ಕಳೆದರೂ ಮಾಯಲಿಲ್ಲ. ವ್ಯಾನಿನ ನರ್ಸಮ್ಮ ಭಾರತಮ್ಮನ ಕಾರ್ಡಿನ ಮೇಲೆ ಗಾಯ ತೊಳೆದು ಬಟ್ಟೆ ಕಟ್ಟಿ, "ಪ್ರತಿ ಸಲ ಬರ್ಬೇಕು, ಮಾತ್ರೆ ತಪ್ಪಿಸ್ಬಾರ್ದು. ಇಲ್ದಿದ್ರೆ ಬೆರಳು ಮಾತ್ರ ಹೋಗಲ್ಲ, ಕಾಲೇ ಹೋಗತ್ತೆ" ಅಂದಳು. ಕೋಲಾರದ ದೊಡ್ಡಾಸ್ಪತ್ರೆಗೆ ಹೋಗಬಹುದಿತ್ತು. ಹೋದರೆ ಒಂದು ದಿನದ ಕೂಲಿ ಹೋಯಿತು, ಸಂಜೆ ಹಸು ಕರೆಯುವವರಿಲ್ಲ. ಆ ಕಾಲಿಗೆ ಈಗ ವ್ಯಾನೇ ಗತಿ.

ಮುಂದಿನ ತಿಂಗಳು ಅನಿತ ಕಾರ್ಡ್ ವಾಪಸ್ ಕೊಡುವಾಗ ಕೈ ಬಿಡದೆ ಮೆಲ್ಲಗೆ ಅಂದಳು: "ನಿಮ್ಮೂರಿಗೆ ವ್ಯಾನ್ ನಿಲ್ಲಿಸ್ತಾರಂತೆ ಅಮ್ಮ. ಇಲ್ಲಿ ಪೇಶೆಂಟ್ಸ್ ಕಡಿಮೆ ಅಂತ ಬಂದಿದೆ. ದೊಡ್ಡ ಡಾಕ್ಟ್ರು ಬಂದು ಮೀಟಿಂಗ್ ಮಾಡ್ತಾರೆ."

"ಕಡಿಮೆನಾ? ಕ್ಯೂ ನೋಡಿದೀಯಾ ನೀನು?"

"ನಾನು ನೋಡಿದೀನಿ. ಇದು ನೋಡಿಲ್ಲ" ಅಂತ ಕಂಪ್ಯೂಟರ್ ಕಡೆ ಬೆರಳು ತೋರಿಸಿದಳು.

ಆಂಜಿನಮ್ಮನಿಗೆ ಅರ್ಥವಾಗಲು ಓದು ಬೇಕಿರಲಿಲ್ಲ. ಡೈರಿ ಪುಸ್ತಕದ ಪ್ರಕಾರ ಊರಿನಲ್ಲಿ ಹಸುಗಳೆಷ್ಟು, ಕೊಟ್ಟಿಗೆಯಲ್ಲಿ ಎಷ್ಟು ಎಂಬುದು ಅವಳಿಗೆ ಗೊತ್ತಿಲ್ಲವೇ? ಡೈರಿಯಲ್ಲಿ ಆದರೆ ಹಾಲು ತೂಕಕ್ಕಾದರೂ ಬರುತ್ತದೆ. ಇಲ್ಲಿ ತಲೆ ಎಣಿಸುತ್ತಾರೆ.

ಆ ವಾರವೆಲ್ಲ ಕಾಲಿಗೆ ಬಟ್ಟೆ ಸುತ್ತಿಕೊಂಡು ಮನೆ ಮನೆ ತಿರುಗಿದಳು. ಮೀಟಿಂಗಿನಲ್ಲಿ ಎಲ್ಲರೂ ಒಟ್ಟಿಗೆ ಎದ್ದು, ನಮಗೆ ಕಾಯಿಲೆ ಇದೆ, ಕಾರ್ಡಿಲ್ಲ, ಬೇರೆಯವರ ಕಾರ್ಡಿನಲ್ಲಿ ಮಾತ್ರೆ ತಗೊಂಡಿದ್ದೀವಿ ಅಂತ ಹೇಳಬೇಕು. ಎಲ್ಲರೂ ಹೇಳಿದರೆ ಯಾರನ್ನು ಏನು ಮಾಡುತ್ತಾರೆ?

ದೊಡ್ಡಮುನಿಯಮ್ಮ ಓರಗಿತ್ತಿಯ ಕಾರ್ಡಿನಲ್ಲಿದ್ದವಳು. ರಾಗಿ ಕೇರುತ್ತಿದ್ದ ಮೊರ ಕೆಳಗಿಟ್ಟು, "ಸರಿ ಕಣಮ್ಮಿ. ನೀನು ಎದ್ರೆ ನಾನೂ ಏಳ್ತೀನಿ" ಅಂದಳು. ಮುನಿಯಲ್ಲಪ್ಪ ಅಣ್ಣನ ಕಾರ್ಡಿನಲ್ಲಿದ್ದವನು. ಮೊದಲು ಹಿಂದೆಗೆದ.

"ನನ್ನ ನಂಬರು ಒಂದ್ಸಲ ಕತ್ತರಿಸಿದಾರೆ ಕಣಮ್ಮ. ಸೈಕಲ್ ತುಳಿದು ತುಳಿದು ಮೊಣಕಾಲು ಹೋಯ್ತು."

"ಅವತ್ತು ನೀನು ಒಬ್ನೇ ಇದ್ದೆ ಕಣಣ್ಣ. ಅದಕ್ಕೇ ಕತ್ತರಿಸಿದ್ರು. ಇವತ್ತು ಎಲ್ಲಾ ಇರ್ತೀವಿ."

"ಎಲ್ಲಾ ಅಂದ್ರೆ?"

"ಎಲ್ಲಾ ಅಂದ್ರೆ ಎಲ್ಲಾ."

"ಸರಿ, ಎದ್ದೇಳ್ತೀನಿ. ನಮ್ಮಮ್ಮನಾಣೆ."

ಕೊನೆಗೆ ಹೋದದ್ದು ಭಾರತಮ್ಮನ ಮನೆಗೆ. ರೇಷ್ಮೆ ಹುಳುಮನೆಯಲ್ಲಿ ತಟ್ಟೆಗಳಿಗೆ ಸೊಪ್ಪು ಹರಡುತ್ತಿದ್ದ ಭಾರತಮ್ಮ ತಿರುಗಿ ನೋಡಲಿಲ್ಲ.

"ನಿನ್ನ ಬಾಯಿ ಮುಚ್ಕೊಂಡಿರೇ. ಇವರಿಗೆ ಗೊತ್ತಾದ್ರೆ ನನ್ನ ಮರ್ಯಾದೆ ಏನಾಗ್ಬೇಕು? ಊರಿಗೆಲ್ಲಾ ನಂಬರು ಕತ್ತರಿಸಿದೋರ ಹೆಂಡ್ತಿ ನಾನು."

"ಮರ್ಯಾದೆ ಹೋದ್ರೆ ಬರತ್ತಕ್ಕ. ಕಾಲು ಬರಲ್ಲ."

"ನಿಂಗೆ ಹೇಳೋದು ಸುಲಭ. ನಿಂಗೆ ಕಳ್ಕೊಳ್ಳೋಕೆ ಏನಿದೆ?"

ಆಂಜಿನಮ್ಮ ತನ್ನ ಬಟ್ಟೆ ಸುತ್ತಿದ ಕಾಲು ನೋಡಿಕೊಂಡಳು. "ಇದೈತಲ್ಲ" ಅಂದಳು.

ಮೀಟಿಂಗಿಗೆ ಬಂದ ದೊಡ್ಡ ಡಾಕ್ಟರು ಸಂಕರ್ಷಣ ಅಂತ. ಮುಳಬಾಗಿಲಿನ ಪೂಜಾರಿಕೆಯವರ ಮನೆತನ, ಓದಿ ಮುಂದೆ ಬಂದವರು. ಮೆತ್ತಗಿನ ಮಾತು. ಹೊಂಗೆ ಮರಕ್ಕೆ ನಾಲ್ಕು ತಾಲ್ಲೂಕಿನ ನಕ್ಷೆ ನೇತುಹಾಕಿದರು. ಕಾಯಿಲೆ ಜಾಸ್ತಿ ಇರುವ ಊರಿಗೆ ಕೆಂಪು ಚುಕ್ಕಿ, ಕಡಿಮೆ ಇರುವ ಊರಿಗೆ ಹಸಿರು. ಆಂಧ್ರದ ಗಡಿಯ ಕಡೆ, ರಾಯಲ್ಪಾಡಿನ ಸುತ್ತ ಕೆಂಪು ಚೆಲ್ಲಿತ್ತು. ಹೊಸಗುಟ್ಟಹಳ್ಳಿ ಹಸಿರು.

"ನಿಮ್ಮ ಊರಿನಲ್ಲಿ ಸಕ್ಕರೆ ಕಾಯಿಲೆ ಕಡಿಮೆ. ಇದು ಸಂತೋಷದ ವಿಷಯ" ಅಂದರು. ಕೋದಂಡರಾಮಪ್ಪ ಚಪ್ಪಾಳೆ ತಟ್ಟಿದ. ಅಧ್ಯಕ್ಷರು ತಟ್ಟಿದರೆಂದು ಉಳಿದವರೂ ತಟ್ಟಿದರು, ಬೆರಳು ಚುಚ್ಚಿಸಿಕೊಂಡ ಕೈಗಳಲ್ಲೇ. "ನಮ್ಮಲ್ಲಿರೋದು ಒಂದೇ ವ್ಯಾನು. ಬರೋ ತಿಂಗಳಿಂದ ರಾಯಲ್ಪಾಡು ಕಡೆ ಕಳಿಸ್ತೀವಿ. ಕಾಯಿಲೆ ಇದ್ದೂ ಕಾರ್ಡ್ ಇಲ್ಲದವರು ಯಾರಾದರೂ ಇದ್ದರೆ ಈಗಲೇ ಹೇಳಿ. ಹೆದರಬೇಡಿ."

ಆಂಜಿನಮ್ಮ ಎದ್ದಳು. ಕಾಲಿನ ಬಟ್ಟೆ ಒದ್ದೆಯಾಗಿತ್ತು.

"ಸ್ವಾಮಿ, ಹಸಿರು ಅಂದ್ರೆ ಕಾಯಿಲೆ ಕಡಿಮೆ ಅಂತಾನಾ?"

"ಹೌದಮ್ಮ."

"ಇಲ್ಲಿ ಕಾಯಿಲೆ ಕಡಿಮೆ ಇಲ್ಲ. ನಂಬರು ಕಡಿಮೆ ಅವೆ. ಒಂದೊಂದು ಕಾರ್ಡಲ್ಲಿ ಇಬ್ರು ಮೂವರು ಇದೀವಿ. ನಂದು ಇನ್ನೊಬ್ರ ಕಾರ್ಡಲ್ಲಿ ಐತೆ. ನನ್ನ ಹಂಗೇ ಊರು ತುಂಬ ಅವ್ರೆ, ಬೇಕಿದ್ರೆ ಕೇಳಿ."

ಡಾಕ್ಟರು ಜನರ ಕಡೆ ನೋಡಿದರು. ಕೋದಂಡರಾಮಪ್ಪನೂ ತಿರುಗಿ ನೋಡಿದ, ನಿಧಾನವಾಗಿ, ಒಬ್ಬೊಬ್ಬರನ್ನಾಗಿ. ಡೈರಿಯ ಗೋಡೆಗೆ ಒರಗಿದ್ದ ಮುನಿಯಲ್ಲಪ್ಪ ಬೀಡಿ ಹುಡುಕುವವನಂತೆ ಜೇಬಿಗೆ ಕೈ ಹಾಕಿದ. ದೊಡ್ಡಮುನಿಯಮ್ಮ ಸೆರಗಿನ ಅಂಚು ನೋಡುತ್ತಾ ಕೂತಳು. ಅವಳ ಓರಗಿತ್ತಿ ಅವಳ ತೊಡೆಯ ಮೇಲೆ ಕೈ ಇಟ್ಟಿದ್ದಳು, ಏಳದಂತೆ.

"ಏಳಮ್ಮಾ ದೊಡ್ಡಮುನಿಯಮ್ಮ" ಅಂದಳು ಆಂಜಿನಮ್ಮ. "ಏನಣ್ಣ ಮುನಿಯಲ್ಲಪ್ಪ, ನಿಮ್ಮಮ್ಮನಾಣೆ ಅಂದಿದ್ಯಲ್ಲ?"

"ನಂಗೆಲ್ಲಿದೆ ಕಾಯಿಲೆ? ಗುಂಡುಕಲ್ಲಿದ್ದಂಗಿದೀನಿ" ಅಂದ ಮುನಿಯಲ್ಲಪ್ಪ. ಯಾರೋ ನಕ್ಕರು.

ಹತ್ತು ಜನ ಎದ್ದರೆ ಅದು ಊರ ಮಾತು. ಒಬ್ಬಳೇ ಎದ್ದರೆ ಚಾಡಿ. ಬೀದಿಯಲ್ಲಿ ನಿಂತು ಕೂಗಿದವರಿಗೆಲ್ಲ ಈ ಲೆಕ್ಕ ಗೊತ್ತು. ಕೂರುವುದಕ್ಕೂ ಆಗದೆ, ನಿಲ್ಲುವುದಕ್ಕೂ ಆಗದೆ, ಆಂಜಿನಮ್ಮ ಒಂದು ಕಾಲಿನ ಮೇಲೆ ಭಾರ ಹಾಕಿಕೊಂಡು ನಿಂತಿದ್ದಳು.

"ಯಾರ ಕಾರ್ಡಮ್ಮ ನಿಮ್ಮದು?" ಅಂತ ಡಾಕ್ಟರು ಕೇಳಿದರು.

ಅವಳು ಹೇಳಲಿಲ್ಲ. ಹೇಳಬೇಕಾಗಿರಲಿಲ್ಲ. ಅವಳ ಕಾಲಿಗೆ ಕಟ್ಟಿದ ಬಟ್ಟೆ ಯಾವ ನಂಬರಿನ ಲೆಕ್ಕದ್ದು ಎಂದು ಕಂಪ್ಯೂಟರಿನಲ್ಲಿತ್ತು. ಡಾಕ್ಟರು ಕೇಳಿದಾಗ ಅನಿತ ತಲೆ ತಗ್ಗಿಸಿ ನಂಬರು ಓದಿದಳು, ಹೆಸರು ಓದಿದಳು. ಹೆಂಗಸರ ಸಾಲಿನಲ್ಲಿ ಭಾರತಮ್ಮನ ಮುಖ ಸುಣ್ಣವಾಯಿತು. ಕೋದಂಡರಾಮಪ್ಪ ಎದ್ದು ಪಂಚೆ ಕೊಡವಿಕೊಂಡು ಹೊರಟುಹೋದ.

ಡಾಕ್ಟರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಬೈದಾದರೂ ಸಮಾಧಾನವಾಗುತ್ತಿತ್ತು. "ಧೈರ್ಯವಾಗಿ ಹೇಳಿದಿರಿ" ಅಂದರು. ಬೈರಕೂರಿನ ಲೆಕ್ಕದಿಂದ ಅವಳ ಹೆಸರನ್ನು ತೆಗೆಸಿ ಇಲ್ಲಿಗೆ ಹಾಕಿಸಿದರು. ತಾವೇ ನಿಂತು ಬೆರಳು ಚುಚ್ಚಿಸಿ ರಕ್ತ ನೋಡಿಸಿದರು. ಆಕಾಶದಲ್ಲಿತ್ತು. ಅನಿತ ಅದನ್ನು ಕಂಪ್ಯೂಟರಿಗೆ ಹೊಡೆದಳು. ಹೀಗೆ ಹೊಸಗುಟ್ಟಹಳ್ಳಿಯಲ್ಲಿ ಆಂಜಿನಮ್ಮನ ಹೆಸರಿನಲ್ಲಿ ಮೊದಲ ಸಲ ಒಂದು ನಂಬರು ಹುಟ್ಟಿತು.

"ಈಗ ನಾನು ಲೆಕ್ಕಕ್ಕೆ ಬಂದ್ನಾ ತಾಯಿ?"

ಅನಿತ ಪರದೆಯ ಕಡೆಯೇ ನೋಡುತ್ತಾ ಹೇಳಿದಳು: "ಒಂದು ಸಲ ನೋಡಿದ್ರೆ ಸಾಲಲ್ಲಮ್ಮ. ಎರಡು ಬೇರೆ ತಿಂಗಳು ನೋಡಿ, ಎರಡ್ರಲ್ಲೂ ಜಾಸ್ತಿ ಬಂದ್ರೆ ರೋಗಿ ಅಂತ ತಗೊಳತ್ತೆ. ಬರೋ ತಿಂಗಳು ನೋಡ್ಬೇಕು."

"ಬರೋ ತಿಂಗಳು ವ್ಯಾನು ಬರತ್ತಾ?"

ಅನಿತ ಹೊಸ ಕಾರ್ಡನ್ನು ಆಂಜಿನಮ್ಮನ ಮುಂದಿಟ್ಟಳು.

"ಭಾರತಕ್ಕನ್ದು?"

"ಆ ನಂಬರಲ್ಲಿ ಇಬ್ಬರ ರಕ್ತ ಇದೆ. ಅದನ್ನ ಲೆಕ್ಕದಿಂದ ತೆಗೀಬೇಕು ಅಂತ ಸಾರ್ ಹೇಳಿದ್ರು."

ಅಂದರೆ ಬೆಳಗ್ಗೆ ಇಬ್ಬರ ಪರವಾಗಿ ಒಂದು ನಂಬರಾದರೂ ಇತ್ತು. ಆಂಜಿನಮ್ಮ ಎದ್ದು ನಿಜ ಹೇಳಿದ ಮೇಲೆ ಅದೂ ಹೋಯಿತು. ನಕ್ಷೆಯ ಹಸಿರು ಇನ್ನಷ್ಟು ಹಸಿರಾಯಿತು. ವ್ಯಾನು ರಾಯಲ್ಪಾಡಿಗೆ ಹೋಯಿತು. ಅಲ್ಲಿಯೂ ಕಾಯಿಲೆ ನಿಜವೇ, ಅವರಿಗೂ ಕಾಲಿವೆ. ಅವರ ಮೇಲೆ ಸಿಟ್ಟು ಮಾಡಿ ಪ್ರಯೋಜನವಿಲ್ಲ.

ಮರುದಿನ ಬೆಳಗ್ಗೆ ಡೈರಿಯಲ್ಲಿ ಸೆಕ್ರೆಟರಿ ಆಂಜಿನಮ್ಮನ ಚೊಂಬು ಮುಟ್ಟಲಿಲ್ಲ. "ಅಧ್ಯಕ್ಷರು ಬೇಡ ಅಂದವ್ರೆ. ಅವರ ಮನೆ ನಂಬರಿಗೆ ಬೇರೆ ಹಾಲು ತಗೋಬಾರ್ದಂತೆ." ದೊಡ್ಡಮುನಿಯಮ್ಮ ಅವಳನ್ನು ದಾಟಿ ತನ್ನ ಹಾಲು ಸುರಿದಳು. ಅದೂ ಓರಗಿತ್ತಿಯ ನಂಬರಿಗೇ. ಆಂಜಿನಮ್ಮ ಹಾಲನ್ನು ಮನೆಗೆ ತಂದು ಕರುವಿಗೆ ಬಿಟ್ಟಳು. ಕರು ಕುಡಿದು ಕುಡಿದು ಉಚ್ಚಿಕೊಂಡಿತು. ಕೊನೆಗೆ ಹಸುವನ್ನು ಕರುವಿನ ಸಮೇತ ಸಂತೆಯಲ್ಲಿ ಮಾರಿದಳು.

ಮಾರಿದ ಮೇಲೆ ಸಂಜೆ ಮನೆ ಸೇರಲೇಬೇಕೆಂಬ ಕಟ್ಟು ಉಳಿಯಲಿಲ್ಲ. ಕೋಲಾರದ ದೊಡ್ಡಾಸ್ಪತ್ರೆಗೆ ಹೋದಳು. ಅಷ್ಟು ಹೊತ್ತಿಗೆ ಕಿರುಬೆರಳು ಕಪ್ಪಾಗಿ, ಕಪ್ಪು ಪಾದಕ್ಕೆ ಹರಡಿ, ವಾಸನೆಗೆ ಬಸ್ಸಿನಲ್ಲಿ ಪಕ್ಕದವರು ಎದ್ದು ನಿಂತಿದ್ದರು. ಮೊದಲು ಬೆರಳು ತೆಗೆದರು. ಆಮೇಲೆ ಅರ್ಧ ಪಾದ. ಆಮೇಲೆ ಮೊಣಕಾಲಿನ ಕೆಳಗೆ. ಕಡೆಯ ಸಲ ಸಹಿ ಹಾಕಲು ಸಂಬಂಧಿಕರು ಯಾರಿದ್ದಾರೆ ಅಂತ ಕೇಳಿದರು. "ಬೈರಕೂರಲ್ಲಿ ಒಬ್ಬನವ್ನೆ, ನಾನು ಆರೋಗ್ಯವಾಗಿದೀನಿ ಅಂತ ಸಹಿ ಹಾಕ್ತಾನೆ" ಅಂದಳು. ನರ್ಸಮ್ಮನಿಗೆ ಅರ್ಥವಾಗಲಿಲ್ಲ. ಹೆಬ್ಬೆಟ್ಟು ಅವಳೇ ಒತ್ತಿದಳು.

ಊರಿಗೆ ಬಂದ ಮೇಲೆ ಜಗಲಿಯಲ್ಲಿ ಕೂತು ಹುಣಸೆಹಣ್ಣು ಬಿಡಿಸಿ ಕೊಡುವ ಕೆಲಸ ಹಿಡಿದಳು. ಜನ ಬರುತ್ತಿದ್ದರು, ಕಾಲಿಲ್ಲದ ಕಡೆ ನೋಡದೆ ಮಾತಾಡಿ ಹೋಗುತ್ತಿದ್ದರು. ಮುನಿಯಲ್ಲಪ್ಪ ಒಂದು ಜೊತೆ ಊರುಗೋಲು ತಂದು ಗೋಡೆಗೆ ಒರಗಿಸಿ, "ಕಣಗಿಲೆ ಮರದ್ದಲ್ಲ, ಗಟ್ಟಿ ಅವೆ" ಅಂದು ಓಡಿದ. ಆಣೆಯ ಮಾತು ಅವನೂ ಎತ್ತಲಿಲ್ಲ, ಇವಳೂ ಎತ್ತಲಿಲ್ಲ.

ಭಾರತಮ್ಮ ಬಂದದ್ದು ಒಂದು ವರ್ಷದ ಮೇಲೆ. ಮಧ್ಯಾಹ್ನದ ಹೊತ್ತು, ಸೊಪ್ಪಿನ ಕುಕ್ಕೆ ಸೊಂಟದಲ್ಲಿಟ್ಟುಕೊಂಡು, ದಾರಿಯಲ್ಲಿ ಹೋಗುವವಳಂತೆ ಬಂದು ಜಗಲಿಯ ತುದಿಗೆ ಕೂತಳು.

"ನೀನು ಸುಮ್ನಿದ್ದಿದ್ರೆ ಇಷ್ಟೆಲ್ಲಾ ಆಗ್ತಿತ್ತಾ?" ಅಂದಳು.

"ಸುಮ್ನಿದ್ದಿದ್ರೂ ವ್ಯಾನು ಹೋಗ್ತಿತ್ತು. ಕಾಲೂ ಹೋಗ್ತಿತ್ತು."

"ನನ್ನ ಮಾತ್ರೆಯಾದ್ರೂ ಉಳೀತಿತ್ತೇನೋ."

"ಅದು ಹೌದಕ್ಕ. ಅದಕ್ಕೆ ನಾನೇ ಕಾರಣ. ಬೈಯೋದಿದ್ರೆ ಬೈದುಬಿಡು."

ಭಾರತಮ್ಮ ಒಂದಿಷ್ಟು ಹುಣಸೆ ತಗೊಂಡು ಬೀಜ ಬಿಡಿಸಿದಳು. ಕೋಲಾರದಿಂದ ಮಾತ್ರೆ ತರಿಸ್ತೀಯಾ ಅಂತ ಆಂಜಿನಮ್ಮ ಕೇಳಿದಳು. ಯಜಮಾನರಿಗೆ ನೆನಪಾದಾಗ ತರುತ್ತಾರೆ ಅಂದಳು ಭಾರತಮ್ಮ. ಆಮೇಲೆ, ಬಂದ ವಿಷಯ ಅದೇ ಎಂಬಂತೆ, ಸೀರೆ ಸ್ವಲ್ಪ ಎತ್ತಿ ಬಲಗಾಲು ಮುಂದೆ ಚಾಚಿದಳು.

"ನೋಡೇ. ಇಲ್ಲಿ ಚಿವುಟಿದ್ರೆ ಗೊತ್ತೇ ಆಗ್ತಿಲ್ಲ."

ಆಂಜಿನಮ್ಮ ಬಗ್ಗಿ ಹಿಮ್ಮಡಿಗೆ ಉಗುರು ಊರಿದಳು. ಇನ್ನೂ ಜೋರಾಗಿ ಊರಿದಳು. ಭಾರತಮ್ಮ ಬೀದಿಯ ಕಡೆ ನೋಡುತ್ತಾ ಕೂತಿದ್ದಳು.

"ಊರ್ತಿದೀಯಾ?" ಅಂದಳು.

ಆಂಜಿನಮ್ಮ ಕೈ ತೆಗೆದಳು. "ನಾಳೆ ಮೊದಲ ಬಸ್ಸಿಗೆ ದೊಡ್ಡಾಸ್ಪತ್ರೆಗೆ ಹೋಗಕ್ಕ. ನಾಳೇನೇ."

"ನಾಳೆ ಹೆಂಗ್ ಆಗ್ತದೆ? ಹುಳ ನಾಲ್ಕನೇ ಪೊರೆ ಬಿಟ್ಟು ಜ್ವರ ಎದ್ದವೆ, ಸೊಪ್ಪು ಎಷ್ಟು ಹಾಕಿದ್ರೂ ಸಾಲ್ತಿಲ್ಲ. ಗೂಡು ಕಟ್ಲಿ. ಆಮೇಲೆ ನೋಡೋಣ."

"ನೋಡೋಣ ಅಂತ ನಾನೂ ಅಂದಿದ್ದೆ."

"ನಿಂಗೆ ಯಾರೂ ಇರ್ಲಿಲ್ಲ ಕಣೇ. ನಂಗೆ ಮನೆ ಇದೆ, ಹುಳ ಇದೆ, ಇವರಿದಾರೆ. ಎಲ್ಲಾ ಬಿಟ್ಟು ಹೆಂಗ್ ಹೋಗ್ಲಿ?"

ಹುಳುಮನೆಯ ಕಡೆಯಿಂದ ಕೋದಂಡರಾಮಪ್ಪನ ಕೂಗು ಕೇಳಿತು. ಭಾರತಮ್ಮ ಸೆರಗು ಕೊಡವಿ ಕುಕ್ಕೆ ಎತ್ತಿಕೊಂಡಳು. ಪಂಚಾಯ್ತಿಯವರು ಆ ಬೀದಿಗೆ ಅವತ್ತಷ್ಟೇ ಜಲ್ಲಿ ಸುರಿದಿದ್ದರು. ಬರಿಗಾಲಲ್ಲಿ ಬಂದಿದ್ದವಳು ಅದರ ಮೇಲೆ, ಎಲ್ಲೂ ಪಾದ ಎತ್ತಿ ಎತ್ತಿ ಇಡದೆ, ಗದ್ದೆಯ ಬದುವಿನ ಮೇಲೆ ನಡೆದ ಹಾಗೆ ನೆಟ್ಟಗೆ ನಡೆದುಹೋದಳು.